ಒಂದು ಮರುಪ್ರಶ್ನೆ

ಪ್ರಶ್ನೆ ಕೇಳುವ ಕಸುಬಿನಲ್ಲಿಯೇ 36 ವರ್ಷಗಳನ್ನು ಕಳೆದವನು ನಾನು. ತರಗತಿಯಲ್ಲಿ ಕೇಳಿದೆನು, ಪರೀಕ್ಷೆಯ ಕಾಗದದಲ್ಲಿ ಕೇಳಿದೆನು. ನಿವೃತ್ತನಾಗಿ ನಾವುಂದದ ಮನೆಗೆ ಬಂದು ಕುಳಿತ ಮೇಲೆಯೂ ಆಸುಪಾಸಿನ ವಿದ್ಯಾಸಂಸ್ಥೆಗಳವರು ಅಧ್ಯಾಪಕರ ಆಯ್ಕೆಗೆಂದು ಕರೆದಾಗಲೆಲ್ಲ ಹೋಗಿ ಕೇಳಿದೆನು. ಇಷ್ಟು ಕಾಲ ಕೇಳಿದವನಿಗೆ ಉತ್ತರ ಹೇಳುವ ಅಭ್ಯಾಸವು ತಪ್ಪಿಹೋಗಿರುತ್ತದೆ ಎಂಬುದು 2019ನೆಯ ಇಸವಿಯ ಮೇ ತಿಂಗಳಲ್ಲಿ ನನಗೆ ತಿಳಿಯಿತು.

ಸಂಸ್ಥೆಯ ಹೆಸರು ಇಲ್ಲಿ ಬೇಡ. ಕುಂದಾಪುರದ ಕಡೆಯ ಒಂದು ಪ್ರೌಢಶಾಲೆ. ಗಣಿತ ಪಾಠಕ್ಕೆ ಒಬ್ಬರು ಬೇಕಾಗಿದ್ದರು. ಮೇಜಿನ ಈಚೆಗೆ ನಾವು ಐವರು: ಅಧ್ಯಕ್ಷರು, ಕಾರ್ಯದರ್ಶಿಗಳು, ಕೋಶಾಧಿಕಾರಿಗಳು, ಮುಖ್ಯೋಪಾಧ್ಯಾಯರು, ವಿಷಯ ಬಲ್ಲವನೆಂದು ನಾನು. ಐವರೂ ಗಂಡಸರೆಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ತನ್ನ ಮನೆಯ ಗೋಡೆಯ ಬಣ್ಣ ಯಾವುದೆಂದು ಕೇಳಿದರೆ ಮನೆಯವನು ಕೂಡ ಕ್ಷಣಹೊತ್ತು ತಡವರಿಸುವುದುಂಟಷ್ಟೆ.

ಏಳನೆಯವಳಾಗಿ ಬಂದವಳು ನಮ್ಮೂರಿನ ಹುಡುಗಿಯೇ. ತಾಯಿಯು ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಸುಲಿದು ಅವಳನ್ನು ಓದಿಸಿದ್ದಳು. ನಾನು ಕೇಳಿದ ಪ್ರಮೇಯವೊಂದನ್ನು ಎರಡು ಬಗೆಯಲ್ಲಿ ಸಾಧಿಸಿ, ಮೂರನೆಯದೂ ಒಂದಿದೆ, ಹೇಳಲೇ ಎಂದಳು. ಬೇಕಾಗಿರಲಿಲ್ಲ, ನಮಗೆಲ್ಲ ತೃಪ್ತಿಯಾಗಿದ್ದಿತು. ಅಧ್ಯಕ್ಷರು ವಾಡಿಕೆಯಂತೆ, “ನಿಮಗೇನಾದರೂ ಕೇಳುವುದಿದೆಯೆ?” ಎಂದರು. ಈ ಮಾತಿಗೆ ಅಭ್ಯರ್ಥಿಗಳು ಇಲ್ಲವೆಂದು ತಲೆಯಲ್ಲಾಡಿಸಿ ಏಳುವುದೇ ಪದ್ಧತಿ. ಅವಳು ಏಳಲಿಲ್ಲ.

“ಶಾಲೆಯ ವಾರ್ಷಿಕ ವರದಿ ಓದಿ ಬಂದೆ, ಸರ್. 19 ಮಂದಿ ಅಧ್ಯಾಪಕರಲ್ಲಿ 15 ಮಂದಿ ಹೆಂಗಸರು. ಆಡಳಿತ ಮಂಡಳಿಯ 11 ಮಂದಿಯಲ್ಲಿ ಒಬ್ಬರೂ ಇಲ್ಲ. ಮುಖ್ಯೋಪಾಧ್ಯಾಯರ ಪಟ್ಟಿಯಲ್ಲಿಯೂ ಇದುವರೆಗೆ ಇಲ್ಲ. ಅಮ್ಮನ ಕಾರ್ಖಾನೆಯಲ್ಲಿ ಸಾಲಾಗಿ ಕುಳಿತು ಸುಲಿಯುವವರೆಲ್ಲ ಹೆಂಗಸರು, ತೂಕದ ಪುಸ್ತಕ ಮಾತ್ರ ಗಂಡಸರ ಕೈಯಲ್ಲಿ. ಹಾಗಾಗಿ ಕೇಳಿದೆ. ನಾನು ಇಲ್ಲಿ ಇಪ್ಪತ್ತು ವರ್ಷ ಚೆನ್ನಾಗಿ ದುಡಿದರೆ ಯಾವ ಕುರ್ಚಿಯವರೆಗೆ ಹೋಗಬಹುದು?”

ಅವಳ ದನಿಯಲ್ಲಿ ಬಿರುಸೇನೂ ಇರಲಿಲ್ಲ. ಕಾರ್ಯದರ್ಶಿಗಳು ಕಾಗದ ಸರಿಪಡಿಸಿದರು. ಅಧ್ಯಕ್ಷರು ನನ್ನ ಕಡೆಗೆ ನೋಡಿದರು. ಹಿರಿಯನೆಂದು ನನಗೆ ಬಿಟ್ಟ ಕೆಲಸವದು. ನಾನು, “ಮಗಾ, ಮೊದಲು ಬೆಂಚಿನ ಮಾತಾಗಲಿ, ಕುರ್ಚಿಯದು ಆಮೇಲೆ” ಎಂದೆನು. ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕು, ಕೈಮುಗಿದು ಹೊರಟುಹೋದಳು.

ಆಮೇಲೆ ಅಂಕಪಟ್ಟಿ ಬಂದಿತು. ವಿಷಯಜ್ಞಾನಕ್ಕೆ 40ರಲ್ಲಿ 38 ಬರೆದೆನು. “ಸಂಸ್ಥೆಯೊಡನೆ ಹೊಂದಿಕೊಳ್ಳುವ ಸ್ವಭಾವ” ಎಂಬ ಕಲಮಿಗೆ 10 ಅಂಕಗಳಿದ್ದುವು. ಅಲ್ಲಿ 3 ಎಂದು ಬರೆದೆನು. ಏಕೆ ಬರೆದೆನೆಂದು ಆಗ ಯಾರಾದರೂ ಕೇಳಿದ್ದರೆ ಶಿಸ್ತು, ವಿನಯ ಎಂದೇನೋ ಹೇಳುತ್ತಿದ್ದೆನು. ಐವರ ಅಂಕಗಳನ್ನು ಕೂಡಿಸಿದಾಗ ಅವಳು 3 ಅಂಕಗಳಿಂದ ಹಿಂದೆ ಬಿದ್ದಳು. ಕೆಲಸ ಒಬ್ಬ ತರುಣನಿಗಾಯಿತು. ನಾನು 7 ಎಂದು ಬರೆದಿದ್ದರೆ ಅವಳು ಮುಂದಿರುತ್ತಿದ್ದಳು. ಗಣಿತದ ಮೇಷ್ಟರಿಗೆ ಈ ಲೆಕ್ಕಕ್ಕೆ ಕಾಗದ ಬೇಕಾಗಿಲ್ಲ. ಮರವಂತೆಯಲ್ಲಿ ಎಡಕ್ಕೆ ಕಡಲೂ ಬಲಕ್ಕೆ ಸೌಪರ್ಣಿಕೆಯೂ ಕಾಣಿಸುವ ಹೊತ್ತಿಗೆ ಬಸ್ಸಿನಲ್ಲಿಯೇ ಮಾಡಿ ಮುಗಿಸಿದ್ದೆನು.

ಅಂದು ರಾತ್ರಿ ನನಗೆ ನೆನಪಾದವಳು ನನ್ನ ಅಮ್ಮಮ್ಮ. ನಮ್ಮದು ಅಳಿಯಸಂತಾನದ ಕುಟುಂಬ. ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಇಳಿದುಬರುವುದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಕುಟುಂಬದಲ್ಲಿ ಹಿರಿಯರು ಯಾರೋ ಅವರಿಗೇ ಆಡಳಿತ, ಅವರು ಹೆಂಗಸಾಗಿದ್ದರೂ ಸರಿ, ಎಂಬ ನಡೆವಳಿಯನ್ನು ಈಗಿನವರು ಮರೆತಿದ್ದಾರೆ. ಮಲಬಾರಿನ ಮರುಮಕ್ಕತ್ತಾಯದಲ್ಲಿ ಸಾಮಾನ್ಯವಾಗಿ ಹಿರಿಯ ಗಂಡಸೇ ಕಾರಣವನು. ನಮ್ಮಲ್ಲಿ ಹಿರಿಯಳು ಹೆಣ್ಣಾದರೆ ಅವಳು ಯಜಮಾನ್ತಿ. ನ್ಯಾಯಾಲಯಗಳೂ ಅದನ್ನು ಒಪ್ಪಿದ್ದುವು. 1960ರ ಸುಮಾರಿಗೆ, ನಾನು ಚಡ್ಡಿ ತೊಡುವ ಹುಡುಗನಾಗಿದ್ದಾಗ, ಗೇಣಿಯ ಅಕ್ಕಿಮುಡಿಗಳು ಅಂಗಳಕ್ಕೆ ಬಂದರೆ ಅಮ್ಮಮ್ಮ ಚಾವಡಿಯಲ್ಲಿ ಕುಳಿತು ಎಣಿಸಿಕೊಳ್ಳುತ್ತಿದ್ದಳು. ಓದು ಬಾರದು, ಕಾಗದವನ್ನು ಎರಡು ಸಲ ಓದಿಸಿ ಕೇಳಿದ ಮೇಲೆ ಹೆಬ್ಬೆಟ್ಟು.

ಇದನ್ನು ಸತ್ಯಯುಗವೆಂದು ಬಣ್ಣಿಸಲಾರೆನು. ಪೇಟೆ, ಕೋರ್ಟು, ಕಂದಾಯದ ಓಡಾಟವೆಲ್ಲ ಅವಳ ತಮ್ಮನದು, ಊರವರು ಮಾತನಾಡಿಸುತ್ತಿದ್ದುದೂ ಅವನನ್ನೇ. ಒಮ್ಮೆ ಅವನು ತೋಟದ ಹಲಸಿನ ಮರವನ್ನು ತಾನೇ ಮಾತಾಡಿ ವ್ಯಾಪಾರಿಗೆ ಕೊಟ್ಟುಬಿಟ್ಟನು. ಗರಗಸದವರು ಬಂದಾಗ ಅಮ್ಮಮ್ಮ ಮರದ ಬುಡದಲ್ಲಿ ಮಣೆ ಹಾಕಿ ಕುಳಿತು, “ಕೇಣದೆ ಕೊಟ್ಟದ್ ಕೊಟ್ಟಾಂಗಲ್ಲ” ಎಂದಳು. ತಮ್ಮನು ಮುಂಗಡವನ್ನು ಹಿಂದಿರುಗಿಸಬೇಕಾಯಿತು. ಮರ ಮತ್ತೆ ಹನ್ನೆರಡು ವರ್ಷ ಕಾಯಿ ಬಿಟ್ಟಿತು.

1949ರ ಮದ್ರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, 1974ರ ಭೂಸುಧಾರಣೆ, ಇವು ಒಂದೊಂದಾಗಿ ಬಂದು ಕುಟುಂಬವು ಪಾಲಾಯಿತು. ಗೇಣಿಯ ಭೂಮಿ ಉಳುವವರಿಗೆ ಹೋದುದು ನ್ಯಾಯವೇ. ಯಜಮಾನ್ತಿ ಎಂಬ ಮಾತೂ ಅದರ ಜೊತೆಗೆ ಹೋಯಿತು. ಮೊನ್ನೆ ನನ್ನ ಮೊಮ್ಮಗನನ್ನು ಕೇಳಿದರೆ, ಯಜಮಾನನ ಹೆಂಡತಿಯಲ್ಲವೆ ಎಂದನು.

1987ರಲ್ಲಿ ಮಂಡಲ ಪಂಚಾಯತಿಗಳಿಗೆ ಹೆಂಗಸರಿಗೆ ನೂರಕ್ಕೆ 25 ಸ್ಥಾನಗಳನ್ನಿರಿಸಿ ಚುನಾವಣೆ ನಡೆದಾಗ ನಾನು ಮತಗಟ್ಟೆಯ ಕೆಲಸಕ್ಕೆ ಹೋಗಿದ್ದೆನು. ಇವರು ಗೆದ್ದು ಮಾಡುವುದೇನೆಂದು ಆಗಲೂ ನಾವು ಅಧ್ಯಾಪಕರು ನಕ್ಕಿದ್ದೆವು. 2010ರಿಂದ ಆ ಪಾಲು ಅರ್ಧಕ್ಕೇರಿದೆ. ಅಂಥ ಕಟ್ಟಳೆಯಿಲ್ಲದೆ ನಡೆದ 2023ರ ವಿಧಾನಸಭೆಯ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಗೆದ್ದುಬಂದ ಹೆಂಗಸರು 10 ಮಂದಿ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕನ್ನು 1988ರಲ್ಲಿ ಅಧಿಕಾರಿಯಾಗಿ ಸೇರಿದ ಎ. ಮಣಿಮೇಖಲೈ ಎಂಬವರು 2022ರಲ್ಲಿ ಯೂನಿಯನ್ ಬ್ಯಾಂಕಿನ ಮುಖ್ಯಸ್ಥೆಯಾದರು. ನಮ್ಮ ಉಡುಪಿಯ ಕಾರ್ಪೊರೇಶನ್ ಬ್ಯಾಂಕು 2020ರಲ್ಲಿ ಸೇರಿಹೋದುದು ಅದಕ್ಕೇ. ಆ ಸುದ್ದಿಯನ್ನೋದಿದಾಗ ನನ್ನ ಮನಸ್ಸಿಗೆ ಬಂದುದು ಒಂದೇ: ಹೊಂದಿಕೊಳ್ಳುವ ಸ್ವಭಾವಕ್ಕೆ ಇವರಿಗೆ ಯಾರು ಎಷ್ಟು ಅಂಕ ಬರೆದಿದ್ದರೋ!

ಸಂದರ್ಶನವಾದ ವಾರದಲ್ಲಿಯೇ ಅಧ್ಯಕ್ಷರಿಗೆ ಒಂದು ಕಾಗದ ಬರೆದೆನು. ಆ ಹುಡುಗಿಯ ಪ್ರಶ್ನೆಯು ಯೋಗ್ಯವಾದುದಾಗಿದ್ದಿತು, ನಗುವಿಗೆ ನಾನೇ ಕಾರಣ, ನಾನು ಕೊಟ್ಟ ಅಂಕ ತಪ್ಪು ಎಂದು ಬರೆದೆನು. ಉತ್ತರ ಬರಲಿಲ್ಲ, ಮುಂದೆ ಆಯ್ಕೆಗೆ ಕರೆಯೂ ಬರಲಿಲ್ಲ.

2022ರ ಮಳೆಗಾಲದಲ್ಲಿ ನಾವುಂದದ ಬಸ್ಸು ನಿಲ್ದಾಣದಲ್ಲಿ ಅವಳು ಸಿಕ್ಕಿದಳು. ಬರೆಹದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರಕಾರಿ ಪ್ರೌಢಶಾಲೆಯಲ್ಲಿದ್ದಾಳಂತೆ. ಕೊಡೆ ಮಡಿಸಿ, “ಆರಾಮವೆ, ಸರ್?” ಎಂದಳು. ಹೇಳಲೋ ಬೇಡವೋ ಎಂದು ತಡೆದು, ಕಡೆಗೆ ಆ 3 ಅಂಕದ ಸಂಗತಿಯನ್ನು ಹೇಳಿಬಿಟ್ಟೆನು.

“ಮೂರು ಕೊಟ್ಟಿದ್ದಿರಾ? ನಾನು ಸೊನ್ನೆಯೆಂದು ತಿಳಿದಿದ್ದೆ” ಎಂದು ನಕ್ಕಳು.

ಕುರ್ಚಿಯ ಪ್ರಶ್ನೆಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆನು. ಅಷ್ಟರಲ್ಲಿ ಬೈಂದೂರಿನ ಬಸ್ಸು ಬಂದಿತು.