ಚಿತ್ರದ ಹಲಗೆ

ಮಾತು ನಾಲಗೆಯ ಸೊತ್ತೆಂಬುದು ಲೋಕರೂಢಿಯಾದ ಅಭಿಪ್ರಾಯ. ಆದರೆ ತುಸು ವಿಚಾರಿಸಿ ನೋಡಿದರೆ, ಕಣ್ಣು, ಕೈ, ಹುಬ್ಬುಗಳಿಂದ ನಾವು ಆಡುವ ಮಾತೇನೂ ಕಡಮೆಯಲ್ಲವೆಂಬುದು ತಿಳಿಯುತ್ತದೆ. ಸಂತೆಯ ಗದ್ದಲದಲ್ಲಿ ವ್ಯಾಪಾರಿಯು ಎತ್ತಿ ತೋರಿಸುವ ಬೆರಳೂ ಮಾತೇ. ನೆಂಟರಿಷ್ಟರ ಮುಂದೆ ತಾಯಿಯು ಮಗನತ್ತ ಬೀರುವ ನೋಟವೂ ಮಾತೇ. ಅದನ್ನು ಓದಬಲ್ಲವನೊಬ್ಬನು ಎದುರಿಗಿದ್ದರೆ ಸಾಕು.

ಈ ವಿಚಾರವು ನನಗೆ ಗ್ರಂಥಗಳಿಂದ ಬಂದುದಲ್ಲ. ನನ್ನ ಮೊಮ್ಮಗನಿಂದ ಬಂದುದು. ರಾಮನಗರಕ್ಕೂ ಕನಕಪುರಕ್ಕೂ ನಡುವಣ ಹಳ್ಳಿಯೊಂದರಲ್ಲಿ ನಮ್ಮ ವಾಸ. ಹಿಪ್ಪುನೇರಳೆಯ ತೋಟ, ಹುಳುವಿನ ಮನೆ, ಗೂಡು ಮಾರುವುದಕ್ಕೆ ರಾಮನಗರದ ಮಾರುಕಟ್ಟೆ, ಇಷ್ಟೇ ನಮ್ಮ ಪ್ರಪಂಚ. ಹುಡುಗನಿಗೆ ನಾಲ್ಕು ವರ್ಷ ತುಂಬಿದರೂ ಮಾತು ಬರಲಿಲ್ಲ. ಕಿವಿ ಮಾತ್ರ ಬಲು ಸೂಕ್ಷ್ಮ; ದೂರದಲ್ಲಿ ಬರುವ ಬಸ್ಸಿನ ಸದ್ದು ನಮಗಿಂತ ಮೊದಲು ಅವನಿಗೆ ಕೇಳುತ್ತಿತ್ತು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಅವನನ್ನು ಕರೆದೊಯ್ದೆವು. ಮಾತು ಬರುವವರೆಗೆ ಕಾಯುತ್ತ ಕೂರದೆ, ಚಿತ್ರಗಳ ಮೂಲಕ ಇಂದಿನಿಂದಲೇ ಅವನೊಡನೆ ಮಾತನಾಡಿರೆಂಬುದು ಅಲ್ಲಿ ನಮಗೆ ದೊರೆತ ಸಲಹೆ.

ಈ ಪದ್ಧತಿಗೆ ಸ್ವಾರಸ್ಯವಾದ ಒಂದು ಚರಿತ್ರೆಯುಂಟು. ಚಾರ್ಲ್ಸ್ ಬ್ಲಿಸ್ ಎಂಬಾತನು ಹಿಟ್ಲರನ ಸೆರೆಶಿಬಿರಗಳಿಂದ ಪಾರಾಗಿ ಶಾಂಘೈ ನಗರವನ್ನು ಸೇರಿದನು. ಅಲ್ಲಿ ಚೀನೀ ಲಿಪಿಯನ್ನು ಕಂಡು, ಭಾಷೆ ಬೇರೆಯಾದ ಜನರೂ ಒಬ್ಬರನ್ನೊಬ್ಬರು ಅರಿಯುವಂತೆ ಚಿಹ್ನೆಗಳ ಬರಹವೊಂದನ್ನು ರಚಿಸಿ 1949ರಲ್ಲಿ ಪ್ರಕಟಿಸಿದನು. ರಾಷ್ಟ್ರಗಳು ಅದಕ್ಕೆ ಕಿವಿಗೊಡಲಿಲ್ಲ. ಆದರೆ 1971ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ, ಸೆರೆಬ್ರಲ್ ಪಾಲ್ಸಿಯಿಂದ ಮಾತು ಕೂಡದ ಮಕ್ಕಳ ಮುಂದೆ ಅವರ ಶಿಕ್ಷಕರು ಆ ಚಿಹ್ನೆಗಳನ್ನು ಹಲಗೆಯ ಮೇಲೆ ಬರೆದಿಟ್ಟರು. ದೊಡ್ಡವರ ಜಗತ್ತು ಒಲ್ಲದುದನ್ನು ಆ ಮಕ್ಕಳು ಕೈಯಾರೆ ತಮ್ಮದಾಗಿ ಮಾಡಿಕೊಂಡರು.

ನಮ್ಮ ಹಲಗೆ ಒಂದು ರಟ್ಟಿನ ತುಂಡು. ಮೊದಲು ಪೇಟೆಯಿಂದ ಅಚ್ಚಾದ ಚಿತ್ರಗಳನ್ನು ತಂದೆವು. ಅವುಗಳಲ್ಲಿ ರೊಟ್ಟಿಯ ತುಂಡೂ ಹಿಮದ ಗೊಂಬೆಯೂ ಇದ್ದುವೇ ಹೊರತು, ಮುದ್ದೆಯಿರಲಿಲ್ಲ, ಅವರೆಕಾಯಿಯಿರಲಿಲ್ಲ, ಚಂದ್ರಿಕೆಯಿರಲಿಲ್ಲ. ಆದುದರಿಂದ ನಮ್ಮ ಸೊಸೆಯು ತಾನೇ ಕುಳಿತು ಚಿತ್ರಗಳನ್ನು ಬರೆದಳು. ಪ್ರತಿಯೊಂದರ ಮೇಲೂ ದಪ್ಪಕ್ಷರದಲ್ಲಿ ಹೆಸರನ್ನು ಕಾಣಿಸಿದಳು. ವಸ್ತುಗಳ ಹೆಸರಿಗಿಂತಲೂ ಹೆಚ್ಚು ಕೆಲಸಕ್ಕೆ ಬಂದುವು ಬೇಕು, ಬೇಡ, ಇನ್ನೂ, ಸಾಕು, ನೋಡು, ಹೋಗು, ನೋವು ಎಂಬ ಸಣ್ಣ ಮಾತುಗಳು. ಬೆರಳು ದಾರಿ ತಪ್ಪದಂತೆ ಒಂದೊಂದು ಚಿತ್ರಕ್ಕೂ ಒಂದು ಸ್ಥಿರವಾದ ಸ್ಥಾನ. ಇಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವುಂಟು. ಇಂಗ್ಲಿಷಿನ ಹಲಗೆಗಳಲ್ಲಿ ಕರ್ತೃವಿನ ಮಗ್ಗುಲಲ್ಲಿಯೇ ಕ್ರಿಯಾಪದವನ್ನು ಇಡುವರು. ನಮ್ಮ ವಾಕ್ಯದಲ್ಲಿ ಕ್ರಿಯಾಪದವು ಕಟ್ಟಕಡೆಯದು. ಆದುದರಿಂದ ನಾವು ಅದನ್ನು ಬಲತುದಿಗೆ ಸರಿಸಿದೆವು. ಹುಡುಗನು ತಾತ, ಪೇಟೆ, ಹೋಗು ಎಂದು ಮುಟ್ಟಿದರೆ, “ತಾತನ ಸಂಗಡ ಪೇಟೆಗೆ ಹೋಗಬೇಕೇನಪ್ಪ?” ಎಂದು ವಿಭಕ್ತಿ ಪ್ರತ್ಯಯಗಳನ್ನು ಸೇರಿಸಿ ಹೇಳುವುದು ನಮ್ಮ ಪಾಲಿನ ಕೆಲಸ.

ಇಷ್ಟಾಗುವಾಗ ಮನೆಯೊಳಗೆ ಒಂದು ಆಕ್ಷೇಪವೂ ಬಂದಿತು. “ಬೆರಳು ತೋರಿಸಿದ್ದಕ್ಕೆಲ್ಲ ಕೊಟ್ಟುಬಿಟ್ಟರೆ ಮಗು ಬಾಯಿ ಬಿಡುವುದಾದರೂ ಏಕೆ?” ಎಂದು ಅವನ ಅಜ್ಜಿ ಕೇಳಿದಳು. ಅದು ಉಪೇಕ್ಷಿಸತಕ್ಕ ಮಾತಲ್ಲ. ಅದರ ಹಿಂದೆ ಇದ್ದುದು ಪ್ರೀತಿಯೇ. ಇದೇ ಸಂದೇಹವನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ದೃಢವಾದ ಪ್ರಮಾಣವುಳ್ಳ 27 ಮಂದಿಯ ವೃತ್ತಾಂತಗಳನ್ನು ತೂಗಿ ನೋಡಿತು. ಅವರಲ್ಲಿ ಒಬ್ಬರ ಮಾತೂ ಕುಂದಿರಲಿಲ್ಲ. ಹೆಚ್ಚಿನವರ ಮಾತು ಅಷ್ಟಿಷ್ಟು ಬೆಳೆದಿತ್ತು. ಬೆಳವಣಿಗೆ ಅಲ್ಪವೆಂಬುದು ನಿಜ. ಹಲಗೆಯು ನಾಲಗೆಯನ್ನು ಬಿಡಿಸುವ ಮಂತ್ರವಲ್ಲ. ಆದರೆ ನಾಲಗೆಯನ್ನು ಕಟ್ಟುವುದೂ ಇಲ್ಲ.

ಹಲಗೆಯನ್ನು ಮಾಡುವುದು ಒಂದು ದಿನದ ಕೆಲಸ. ಮನೆಯವರೆಲ್ಲರೂ ಅದರಲ್ಲಿ ಮಾತನಾಡುವುದನ್ನು ಕಲಿಯುವುದು ತಿಂಗಳುಗಳ ಕೆಲಸ. “ಇದೇನು, ತೋರಿಸು” ಎಂದು ಮಗುವನ್ನು ಪರೀಕ್ಷೆಗೆ ನಿಲ್ಲಿಸಿದರೆ ಅದು ಪಾಠಶಾಲೆಯ ಹಲಗೆಯಾದೀತು. ನಾವು ಆಡುವಾಗ ನಾವೇ ಚಿತ್ರಗಳನ್ನು ಮುಟ್ಟುತ್ತ ಆಡಬೇಕು. ಮುಟ್ಟಿ, ಬಳಿಕ ಸುಮ್ಮನೆ ಕಾದಿರಬೇಕು. ಈ ಕಾಯುವಿಕೆಯು ನನ್ನಂತಹ ಹಳೆಯ ಉಪಾಧ್ಯಾಯನಿಗೆ ಎಷ್ಟು ಕಠಿನವೆಂಬುದನ್ನು ಹೇಳಬೇಕಾದುದಿಲ್ಲ. ಅವನು “ಬೇಡ” ಎಂದು ಮುಟ್ಟಿದಾಗ, ಹಾಲಿನ ಲೋಟವನ್ನು ಮರಳಿ ಒಳಗೆ ಒಯ್ಯುವುದೂ ನಮ್ಮ ಧರ್ಮವಾಯಿತು. ನಿರಾಕರಣೆಗೆ ಬೆಲೆಯಿಲ್ಲದ ಕಡೆ ಕೋರಿಕೆಗೂ ಬೆಲೆಯಿರುವುದಿಲ್ಲ.

ಮೊದಮೊದಲು ಅವನು ಮುಟ್ಟಿದುದೆಲ್ಲವೂ ಬೇಡಿಕೆಗಳೇ: ಬಾಳೆಹಣ್ಣು, ಬಸ್ಸು, ಇನ್ನೂ. ಒಂದು ಸಂಜೆ ನಮ್ಮ ಹುಳುಗಳು ಎರಡನೆಯ ಜ್ವರಕ್ಕೆ ಹೋಗಿದ್ದುವು. ಪೊರೆ ಕಳಚುವ ಆ ಕಾಲದಲ್ಲಿ ಅವು ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗಾಡದೆ ಇರುವುವೆಂಬುದನ್ನು ಈ ಸೀಮೆಯವರೆಲ್ಲರೂ ಬಲ್ಲರು. ಹುಡುಗನು ತಟ್ಟೆಗಳ ಮುಂದೆ ಬಹಳ ಹೊತ್ತು ನಿಂತಿದ್ದು, ನನ್ನಲ್ಲಿಗೆ ಬಂದು ಹಲಗೆಯನ್ನು ತೊಡೆಯ ಮೇಲಿಟ್ಟು, “ಹುಳು” ಎಂಬುದನ್ನು ಮುಟ್ಟಿದನು. ಅನಂತರ “ಮಲಗು” ಎಂಬುದನ್ನು. ಅವನಿಗೆ ಬೇಕಾದುದು ಏನೂ ಇರಲಿಲ್ಲ. ತಾನು ಕಂಡುದನ್ನು ಇನ್ನೊಬ್ಬನಿಗೆ ತಿಳಿಸಬೇಕೆಂದು ಬಂದಿದ್ದನು, ಅಷ್ಟೆ. ಹಸಿವನ್ನು ಹಸುಗೂಸಿನ ಅಳುವೂ ಹೇಳುತ್ತದೆ. ಕಂಡ ಸಂಗತಿಯನ್ನು ಹಂಚಿಕೊಳ್ಳುವುದಕ್ಕೆ ಭಾಷೆಯೇ ಬೇಕು. “ಹೌದಪ್ಪ, ಹುಳುಗಳು ಮಲಗಿವೆ” ಎಂದು ನಾನೂ ಅವೇ ಎರಡು ಚಿತ್ರಗಳನ್ನು ಮುಟ್ಟಿದೆನು. ಅಂದು ನಾವಿಬ್ಬರೂ ಮಾತನಾಡಿದೆವು.

ಎಲ್ಲ ಮಕ್ಕಳಿಗೂ ಚಿತ್ರವು ಮೊದಲಲ್ಲೇ ಅರ್ಥವಾಗುವುದಿಲ್ಲ. ಅಂಥವರಿಗೆ ವಸ್ತು ಮೊದಲು, ಚಿತ್ರ ಅನಂತರ. ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಗಾಡಿ, ಬಟ್ಟಲು, ಹಕ್ಕಿಗಳು ಇದಕ್ಕೆ ಒದಗಿಬರಬಲ್ಲವು. ಗಾಡಿಯನ್ನು ಕೈಗೆ ಕೊಟ್ಟು ಹೊರಡುವ ಮಾತನ್ನು ತಿಳಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸಂವಹನವೆಂಬ ಪದವನ್ನು ವಿವರಿಸುವಾಗ, ಬ್ರೈಲ್ ಮತ್ತು ಸಂಜ್ಞಾಭಾಷೆಗಳೊಡನೆ, ಮಾತಿಗೆ ಪೂರಕವೂ ಪರ್ಯಾಯವೂ ಆದ ವಿಧಾನಗಳನ್ನೂ ಸೇರಿಸಿದೆ. ಶಾಸನದ ಕೆಲಸ ಅಷ್ಟಕ್ಕೆ ಮುಗಿಯಿತು. ಉಳಿದುದು ಮನೆಯ ಕೆಲಸ. ಮಾಗಡಿಯಲ್ಲಾಗಲಿ ಕನಕಪುರದಲ್ಲಾಗಲಿ, ಮಾತು ಬಾರದ ಮಗುವಿರುವ ಮನೆಯವರು ಈ ಲೇಖನವನ್ನು ಓದಿದರೆ ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟು: ತಜ್ಞರನ್ನು ಕಾಣಿರಿ, ಆದರೆ ಅವರು ಗೊತ್ತುಮಾಡಿದ ದಿನ ಬರುವವರೆಗೆ ಕೈಕಟ್ಟಿ ಕೂರಬೇಡಿರಿ. ಒಂದು ರಟ್ಟು, ಸ್ವಲ್ಪ ಅಂಟು, ಮಗುವಿಗೆ ಪ್ರಿಯವಾದ ನಾಲ್ಕು ವಸ್ತುಗಳ ಚಿತ್ರ, ಜೊತೆಗೆ “ಬೇಡ” ಎಂಬುದಕ್ಕೊಂದು ಚಿತ್ರ: ಇಷ್ಟರಿಂದ ಇಂದೇ ತೊಡಗಬಹುದು.