ಅಮ್ಮ, ಲಿಫ್ಟು ಮತ್ತು ಬ್ರೇಕು

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯಿತು. ಕೆಲಸದ ನೆಪ ಹೇಳುವುದಿಲ್ಲ, ಬರೀ ಸೋಮಾರಿತನ. ಆದರೆ ಮೊನ್ನೆ ನಡೆದದ್ದನ್ನು ಬರೆಯದೆ ಇರಲಾಗಲಿಲ್ಲ.

ಅಮ್ಮ ಊರಿಂದ ಬಂದಿದ್ದಾಳೆ. ನಮ್ಮದು ಐದನೇ ಮಹಡಿ. ಮಂಡಿನೋವಿದ್ದರೂ ಅವಳಿಗೆ ಲಿಫ್ಟ್ ಅಂದರೆ ಭಯ. "ಕರೆಂಟ್ ಹೋದ್ರೆ ಕೆಳಗೆ ಬೀಳಲ್ವೇನೋ?" ಅಂತ ಬಂದ ದಿನವೇ ಕೇಳಿದ್ದಳು. "ಏನೂ ಆಗಲ್ಲ ಸುಮ್ನಿರಮ್ಮ" ಅಂದಿದ್ದೆ. ಮೊನ್ನೆ ಸಂಜೆ ತರಕಾರಿ ಚೀಲ ಹಿಡಿದು ಒಬ್ಬಳೇ ಬರುತ್ತಿದ್ದಾಗ ಕರೆಂಟ್ ಹೋಯಿತು. ಜನರೇಟರೂ ಕೈಕೊಟ್ಟಿತು. ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಅಮ್ಮ! ಬಾಗಿಲ ಸಂದಿಯಿಂದ ಅವಳು ನನ್ನ ಹೆಸರು ಕೂಗುವುದು ಕೇಳುತ್ತಿತ್ತು. ಆ ಇಪ್ಪತ್ತು ನಿಮಿಷ ನನಗೆ ಹೇಗಿತ್ತು ಅಂತ ಕೇಳಬೇಡಿ.

ಲಿಫ್ಟ್ ಮೆಕ್ಯಾನಿಕ್ ತನ್ನ ಜೊತೆಯವನೊಂದಿಗೆ ಬಂದ. ನಾನೂ ಅವರ ಹಿಂದೆ ಟೆರೇಸಿನ ಮೋಟಾರು ಕೋಣೆಗೆ ಓಡಿದೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿದ. ಮೋಟಾರಿಗೂ ಗೇರ್ ಬಾಕ್ಸಿಗೂ ನಡುವೆ ಒಂದು ಡ್ರಮ್ಮು, ಅದನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿದ ಎರಡು ಶೂ, ಅವನ್ನು ಒತ್ತುವ ದಪ್ಪ ಸ್ಪ್ರಿಂಗ್‌ಗಳು. ಜೊತೆಯವನು ಮೋಟಾರಿನ ಕೈಚಕ್ರ ಹಿಡಿದ. ಇವನು ಲಿವರ್ ಒತ್ತಿ ಶೂಗಳನ್ನು ಬಿಡಿಸಿದ, ಚಕ್ರ ಸ್ವಲ್ಪ ತಿರುಗಿದ ಮೇಲೆ ಬಿಟ್ಟ. ಟಕ್! ಮತ್ತೆ ಹಿಡಿಯಿತು. ಹೀಗೆ ಇಷ್ಟಿಷ್ಟೇ...

ಆಗ ಇಂಜಿನಿಯರಿಂಗ್ ವೈವಾ ನೆನಪಾಯಿತು. "ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಈ ಬ್ರೇಕ್ ಹಿಡಿಯುತ್ತೋ, ಬಿಡುತ್ತೋ?" ಅಂತ ಕೇಳಿದ್ದರು. "ಹಿಡಿಯುತ್ತೆ ಸಾರ್" ಅಂದಿದ್ದೆ. ತಪ್ಪು! ಹಿಡಿಯುವ ಕೆಲಸ ಸ್ಪ್ರಿಂಗಿನದು. ಮೋಟಾರಿನ ಜೊತೆಗೇ ಕಾಯಿಲ್‌ಗೂ ಕರೆಂಟ್ ಬಂದಾಗ ಅದು ಅಯಸ್ಕಾಂತವಾಗಿ ಸ್ಪ್ರಿಂಗ್‌ಗೆ ಎದುರಾಗಿ ಎಳೆದು ಬ್ರೇಕ್ ಬಿಡಿಸುತ್ತದೆ. ಕರೆಂಟ್ ಹೋದರೆ ಸ್ಪ್ರಿಂಗ್ ಗೆಲ್ಲುತ್ತದೆ.

ಕಾರ್ಖಾನೆಗಳ ಹಾಯ್ಸ್ಟ್ ಮೋಟಾರಿನ ಹಿಂಬದಿಯಲ್ಲಿರುವುದೂ ಇದೇ ಸಂಸಾರ. ಅಲ್ಲಿ ಡ್ರಮ್ಮಿನ ಬದಲು ಮೋಟಾರಿನ ಶಾಫ್ಟ್ ಜೊತೆ ತಿರುಗುವ ಲೈನಿಂಗ್ ಹಚ್ಚಿದ ಡಿಸ್ಕು, ಅದನ್ನು ಅದುಮುವ ಕಬ್ಬಿಣದ ತಟ್ಟೆ. ತಟ್ಟೆಗೂ ಕಾಯಿಲ್‌ಗೂ ನಡುವೆ ಕೂದಲೆಳೆಯಷ್ಟೇ ಸಂದು. ಲೈನಿಂಗ್ ಸವೆದಂತೆ ಸಂದು ಹೆಚ್ಚಿ, ಕೊನೆಗೆ ಅಯಸ್ಕಾಂತಕ್ಕೆ ತಟ್ಟೆಯನ್ನು ಎಳೆಯಲಾಗುವುದಿಲ್ಲ. ಅದಕ್ಕೇ ಆಗಾಗ ಸರಿಮಾಡಬೇಕು. ಕೈಯಿಂದ ಬಿಡಿಸುವ ಲಿವರು ತಟ್ಟೆಯನ್ನು ಹಿಂದಕ್ಕೆಳೆಯುತ್ತದೆ. ಕೈ ಬಿಟ್ಟೊಡನೆ ತಾನಾಗಿ ವಾಪಸ್ ಹೋಗಬೇಕು. ಬಿಡಿಸಿದ್ದನ್ನು ಹಾಗೇ ಮರೆತರೆ ಬ್ರೇಕೇ ಇಲ್ಲದಂತೆ. (ನೀವು ಮಾತ್ರ ಈ ಲಿವರ್ ಮುಟ್ಟಲು ಹೋಗಬೇಡಿ, ಕಲಿತವರ ಕೆಲಸ ಅದು.)

ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಅಮ್ಮ ಬೆವತು ಹೋಗಿದ್ದಳು. ಮನೆಗೆ ಬಂದು ನೀರು ಕುಡಿದು ಕೇಳಿದಳು, "ಕರೆಂಟೇ ಇರ್ಲಿಲ್ಲ, ಮೇಲೆ ಹೇಗೋ ಹೋಯ್ತು?"

ಈ ಸಲ ಸುಮ್ಮನಿರು ಅನ್ನಲಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ಖಾಲಿ ಲಿಫ್ಟಿಗಿಂತ ಭಾರದ ತೂಕ ಇರುತ್ತದೆ, ನೀನೊಬ್ಬಳೇ ಇದ್ದದ್ದರಿಂದ ಬ್ರೇಕ್ ಬಿಟ್ಟಾಗ ಆ ತೂಕ ಕೆಳಗಿಳಿದು ನಿನ್ನನ್ನು ಮೇಲೆತ್ತಿತು ಅಂದೆ. ಕರೆಂಟ್ ಬೇಕಿರುವುದು ಬಿಡುವುದಕ್ಕೆ, ಹಿಡಿಯುವುದಕ್ಕಲ್ಲ ಅಂತಲೂ ಹೇಳಿದೆ.

"ಇದನ್ನ ಮೊದಲೇ ಹೇಳಿದ್ರೆ ಒಳಗೆ ಅಷ್ಟು ಹೆದರ್ತಿರ್ಲಿಲ್ಲ ಕಣೋ" ಅಂದಳು.

ನಾಲ್ಕು ವರ್ಷ ಓದಿಸಿದವಳು ಕೇಳಿದ ಒಂದೇ ಪ್ರಶ್ನೆಗೆ ಎರಡು ನಿಮಿಷ ಕೊಟ್ಟಿರಲಿಲ್ಲ ನಾನು. ಮರುದಿನ ಅವಳಾಗಿಯೇ ಲಿಫ್ಟ್ ಹತ್ತಿದಳು, ಮೊಬೈಲನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೇಳಿದ್ದರೆ, ಇವತ್ತೇ ಹೇಳಿಬಿಡಿ.