ನೀರು ಇಳಿಯುವ ಕಡೆಗೆ

ನಮ್ಮ ಯಲಹಂಕದಲ್ಲಿ ಬೆಳಗಿನ ನಡಿಗೆಗೆ ಹೊರಡುವವರಲ್ಲಿ ಎರಡು ಪಂಗಡ. ಕೆರೆಯ ಸುತ್ತ ನಡೆಯುವವರದು ಒಂದು, ಕೆರೆಯಿಂದ ಕೆರೆಗೆ ನಡೆಯುವವರದು ಇನ್ನೊಂದು. ಮೊದಲನೆಯ ಪಂಗಡ ದೊಡ್ಡದು, ಶಿಸ್ತಿನದು, ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹತೋಟಿಯಲ್ಲಿ ಇಟ್ಟುಕೊಂಡದ್ದು. ಎರಡನೆಯದರಲ್ಲಿ ಸದ್ಯಕ್ಕೆ ನಾನೊಬ್ಬನೇ ಇದ್ದೇನೆ.

"ಎಷ್ಟು ರೌಂಡ್ ಆಯ್ತು ಸಾರ್?" ಎಂದು ಬ್ಯಾಂಕಿನಿಂದ ನಿವೃತ್ತರಾದ ನೆರೆಮನೆಯವರು ಕೇಳುತ್ತಾರೆ. "ಒಂದೂ ಆಗಲಿಲ್ಲ, ಅರ್ಧಕ್ಕೇ ಕೋಡಿ ಕಡೆ ಇಳಿದುಬಿಟ್ಟೆ" ಎಂದರೆ ಅವರ ಮುಖದಲ್ಲಿ ಕನಿಕರ ಮೂಡುತ್ತದೆ. ಅವರ ಕೈಗಡಿಯಾರ ಹೆಜ್ಜೆ ಎಣಿಸುತ್ತದೆ, ಗುರಿ ಮುಟ್ಟಿದರೆ ನಡುಗುತ್ತದೆ. ಗೇಟಿನ ಬಳಿ ಹಾಗಲಕಾಯಿ ರಸ, ಬೂದುಗುಂಬಳದ ರಸ ಮಾರುವವನು ಅವರಿಗೆ ಲೋಟ ತುಂಬಿಸಿಯೇ ಇಟ್ಟಿರುತ್ತಾನೆ. ನಾನು ಬರುವುದು ಕಂಡರೆ ಅವನು ಬೇರೆ ಕಡೆ ನೋಡುತ್ತಾನೆ. ನನ್ನ ವ್ಯಾಪಾರ ಬೈಟು ಕಾಫಿಯವನ ಹತ್ತಿರ ಎಂದು ಅವನಿಗೆ ಗೊತ್ತು.

ಬೆಂಗಳೂರಿನ ಉತ್ತರದಲ್ಲಿ ಮನೆ ಮಾಡಿದವರಿಗೆ ಹೊಳೆಯಿಲ್ಲವೆಂಬ ಕೊರಗು ಉಂಟು. ಶ್ರೀರಂಗಪಟ್ಟಣದ ನೆಂಟರು ಬಂದರೆ ಕಾವೇರಿಯ ಮಾತು, ತೀರ್ಥಹಳ್ಳಿಯವರು ಬಂದರೆ ತುಂಗೆಯ ಮಾತು. ನಾವು ಏನು ತೋರಿಸಬೇಕು, ಹೆಬ್ಬಾಳದ ಮೇಲ್ಸೇತುವೆಯನ್ನೇ? ಆದರೆ ಹೊಳೆ ಇಲ್ಲದಿರುವುದಕ್ಕೆ ಮರ್ಯಾದಸ್ಥ ಕಾರಣವಿದೆ: ನಾವು ದಿಣ್ಣೆಯ ಮೇಲಿದ್ದೇವೆ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ಹುಟ್ಟುವುದು ನಂದಿಬೆಟ್ಟದ ಆಸುಪಾಸಿನಲ್ಲೇ. ನಮ್ಮ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ಹೆಸರಘಟ್ಟದ ಕಡೆ ಇಳಿದು, ಅರ್ಕಾವತಿಯ ಜೊತೆ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಸೇರಬೇಕು. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳದ ಕಣಿವೆ ಹಿಡಿದು, ದಕ್ಷಿಣ ಪಿನಾಕಿನಿಗೆ ಬಿದ್ದು ತಮಿಳುನಾಡಿಗೆ ಹೋಗಬೇಕು. ಹೊಳೆಗಳು ಹೊರಡುವ ಜಾಗದಲ್ಲಿ ಮನೆ ಕಟ್ಟಿಕೊಂಡು ಹೊಳೆಯಿಲ್ಲವೆಂದು ಅಳುವುದು ಅಷ್ಟು ಸರಿಯಲ್ಲ.

ಹೀಗೆ ಕೈತಪ್ಪಿ ಹೋಗುವ ನೀರನ್ನು ಹಿಂದಿನವರು ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ನಿಲ್ಲಿಸಿಕೊಂಡರು. ತೂಬಿನಿಂದ ಗದ್ದೆಗೆ ಬಿಟ್ಟರು. ಮಿಕ್ಕದ್ದು ಕೋಡಿ ಹರಿದು ಕೆಳಗಿನ ಊರಿನ ಕೆರೆಗೆ. ಯಲಹಂಕದ ಕೆರೆಯ ಕೆಳಗೆ ಜಕ್ಕೂರು, ಜಕ್ಕೂರಿನ ಕೆಳಗೆ ರಾಚೇನಹಳ್ಳಿ. ಇನ್ನೂ ಇಳಿದರೆ ಕೆ.ಆರ್. ಪುರದ ಹತ್ತಿರ ಎಲೆ ಮಲ್ಲಪ್ಪ ಶೆಟ್ಟರ ಕೆರೆ, ವೀಳ್ಯದೆಲೆ ವ್ಯಾಪಾರದಲ್ಲಿ ದುಡಿದವರು ಕಟ್ಟಿಸಿದ್ದು. ಈ ಸಾಲಿನುದ್ದಕ್ಕೂ ನಡೆಯುವುದೇ ನನ್ನ ಹವ್ಯಾಸ. ಇದರಲ್ಲಿ ಶ್ರಮವಿಲ್ಲ. ನೀರು ದಿಬ್ಬ ಹತ್ತುವುದಿಲ್ಲ, ಅದರ ಹಿಂದೆ ಹೋಗುವವನೂ ಹತ್ತಬೇಕಾಗಿಲ್ಲ.

ದಾರಿ ಉದ್ದಕ್ಕೂ ಚೆಲುವಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಕೆರೆಗಳ ನಡುವೆ ಬಳ್ಳಾರಿ ರಸ್ತೆಯ ವಾಹನಗಳಿವೆ, ಅಪಾರ್ಟ್‌ಮೆಂಟುಗಳ ಕಾಂಪೌಂಡುಗಳಿವೆ, ನಡುವೆ ಹೇಗೋ ಉಳಿದುಕೊಂಡ ಒಂದು ದನದ ಕೊಟ್ಟಿಗೆ, ಒಂದು ಸೊಪ್ಪಿನ ಮಡಿ. ರಾಜಕಾಲುವೆ ಎಲ್ಲಿ ಹೋಯಿತೆಂದು ಯಾರನ್ನೂ ಕೇಳುವ ಅಗತ್ಯವಿಲ್ಲ, ಮೂಗು ಹೇಳುತ್ತದೆ. ಲೇಔಟಿನ ನಡುವೆ ರಸ್ತೆ ಏಕೆ ಅಲ್ಲಿ ತಗ್ಗಾಯಿತು, ಮಳೆ ಬಂದರೆ ಏಕೆ ಅದೇ ನೆಲಮಾಳಿಗೆಗೆ ನೀರು ನುಗ್ಗುತ್ತದೆ ಎಂಬುದೆಲ್ಲ ಈ ನಡಿಗೆಯಲ್ಲಿ ತಾನೇ ತಿಳಿಯುತ್ತದೆ. ನಕ್ಷೆಯಲ್ಲಿ ಅಳಿಸಿದ ಹಳ್ಳ ನೆಲದಲ್ಲಿ ಅಳಿಸಿಲ್ಲ.

ಜಕ್ಕೂರಿನ ಕೆರೆಗೆ ಬಂದರೆ ಮೂಗಿಗೂ ಬಿಡುವು. ಸುಮಾರು 160 ಎಕರೆಯ ಈ ಕೆರೆಯ ತಲೆಯ ಕಡೆ ದಿನಕ್ಕೆ ಒಂದು ಕೋಟಿ ಲೀಟರ್ ಕೊಳಚೆ ನೀರು ಶುದ್ಧೀಕರಿಸಬಲ್ಲ ಘಟಕವಿದೆ. ಅಲ್ಲಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸುತ್ತುತ್ತದೆ. ಅಳಿದುಳಿದ ಸಾರಜನಕ, ರಂಜಕಗಳನ್ನು ಜೊಂಡು ಹೀರಿಕೊಳ್ಳುತ್ತದೆ, ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳು ಮಿಕ್ಕ ಕೆಲಸ ಮಾಡುತ್ತವೆ. ಆಮೇಲೆಯೇ ನೀರಿಗೆ ಕೆರೆಯ ಪ್ರವೇಶ. ನಾವು ಬಚ್ಚಲಿನಲ್ಲಿ ಬಿಟ್ಟ ನೀರಿನ ಮೇಲೆ ಹೆಜ್ಜಾರ್ಲೆ ಬಂದಿಳಿಯುವುದನ್ನು ನೋಡುವಾಗ, ನಾನೂ ಊರಿಗೆ ಏನೋ ಕೊಟ್ಟಿದ್ದೇನೆ ಎಂಬ ಸಮಾಧಾನ ನನಗೆ ಆಗುತ್ತದೆ.

ಹೆಜ್ಜಾರ್ಲೆ ಇಳಿಯುವ ರೀತಿಯೇ ನೋಡಬೇಕಾದದ್ದು. ಮದುವೆಮನೆಗೆ ತಡವಾಗಿ ಬಂದ ಭಾರಿ ಯಜಮಾನರಂತೆ ಎರಡೂ ಕಾಲು ಮುಂದೆ ಚಾಚಿ, ಸುತ್ತಲಿನ ನಾಮದಕೋಳಿಗಳನ್ನೆಲ್ಲ ಚೆದುರಿಸಿ, ಕೂತ ಮೇಲೆ ಏನೂ ಆಗಿಲ್ಲವೆಂಬಂತೆ ಕತ್ತು ನೇರ ಮಾಡುತ್ತದೆ. ಪಕ್ಕದ ಜಕ್ಕೂರು ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನಗಳೂ ಅದೇ ಆಕಾಶದಲ್ಲಿ ಸುತ್ತು ಹಾಕುತ್ತವೆ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ನಡೆಯುತ್ತಿರುವ ಏರೋ ಇಂಡಿಯಾ ಬಂದಾಗ ಯುದ್ಧವಿಮಾನಗಳ ಗುಡುಗಿಗೆ ಕಿಟಕಿಯ ಗಾಜು ಅದುರುತ್ತದೆ. ಜನ ಕತ್ತೆತ್ತಿ ನೋಡುತ್ತಾರೆ. ಹಾವಕ್ಕಿ ಮಾತ್ರ ಒಣಗಿದ ಜಾಲಿಯ ಮೇಲೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದುಕೊಂಡೇ ಇರುತ್ತದೆ. ಅದಕ್ಕೆ ರೆಕ್ಕೆ ಒಣಗಬೇಕು, ಉಳಿದದ್ದು ಆಮೇಲೆ.

ಏರಿಯ ಮೇಲೆ ಮೀನಿನವರು ತೆಪ್ಪ ಎಳೆದು ಹಾಕಿರುತ್ತಾರೆ. "ಏನಣ್ಣ, ಏನ್ ಸಿಕ್ತು ಇವತ್ತು?" ಎಂದು ಕೇಳುವುದು ವಾಡಿಕೆ. "ಜಿಲೇಬೀನೇ ಜಾಸ್ತಿ ಸಾರ್, ಕಾಟ್ಲಾ ಕಮ್ಮಿ" ಎನ್ನುವುದು ಮರುವಾಡಿಕೆ. ಹೊಸದಾಗಿ ಬಂದ ಯುವಕನೊಬ್ಬ ಒಮ್ಮೆ ಇದನ್ನು ಕೇಳಿ ತಿಂಡಿಯ ಗಾಡಿ ಎಲ್ಲಿದೆಯೆಂದು ಹುಡುಕಿದ. ಬುಟ್ಟಿಯಲ್ಲಿ ಒದ್ದಾಡುತ್ತಿದ್ದ ಜಿಲೇಬಿ ಮೀನು ತೋರಿಸಿದ ಮೇಲೆ ಸುಮ್ಮನಾದ.

ನೀರಿಗೆ ಬೇಸರವಾದ ದಿನ ಮರಗಳ ಕಡೆ ತಿರುಗುತ್ತೇನೆ. ಜಾರಕಬಂಡೆ ಕಾವಲಿನ ಮೀಸಲು ಅರಣ್ಯ ಯಲಹಂಕದ ಪಕ್ಕದಲ್ಲೇ ಇದೆ. ನೀಲಗಿರಿ, ಅಕೇಷಿಯ ನೆಟ್ಟ ಕಾಡು, ಮಲೆನಾಡಿನವರು ಕಂಡರೆ ನಕ್ಕಾರು. ನಗಲಿ. ನೀಲಗಿರಿ ಎಲೆಯ ಮೇಲೆ ನಡೆಯುವಾಗ ಬರುವ ಚರಪರ ಸದ್ದು, ಎಲ್ಲೋ ಒಳಗಿನಿಂದ ನವಿಲಿನ ಕೂಗು, ಇಷ್ಟರಲ್ಲೇ ನಗರ ಮರೆತುಹೋಗುತ್ತದೆ. ಹೆಬ್ಬಾಳದ ಕಡೆ ಬಂದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಜಿಕೆವಿಕೆ, ಸುಮಾರು 1,300 ಎಕರೆ. ಅಲ್ಲಿನ ರಾಗಿ ಹೊಲದ ಬದುವಿನಲ್ಲಿ ನಿಂತರೆ ಹಳೇ ಮೈಸೂರಿನ ರೈತರ ಬಾಯಲ್ಲಿರುವ ಜಿಪಿಯು 28ರಂಥ ತಳಿಗಳ ತವರುಮನೆಗೆ ಬಂದಂತೆ. ಯುಗಾದಿಯ ಆಚೀಚೆ ಹೊಂಗೆ ಹೂ ಬಿಡುವಾಗ ನೆಲದ ಮೇಲೆ ಬಿದ್ದ ತಿಳಿ ನೇರಳೆ ಹೂವನ್ನು ತುಳಿಯದೆ ನಡೆಯುವುದು ಸಾಧ್ಯವಿಲ್ಲ, ತುಳಿದರೆ ಜೇನುನೊಣಕ್ಕೆ ಕೋಪ. ಆ ಹೊತ್ತಿಗೆ ಮರದಲ್ಲೂ ನೆಲದಲ್ಲೂ ಒಂದೇ ಝೇಂಕಾರ. ಗಸಗಸೆ ಹಣ್ಣಿನ ಮರದಡಿ ನಿಲ್ಲುವುದಕ್ಕಂತೂ ವಯಸ್ಸಿನ ನಿರ್ಬಂಧವಿಲ್ಲ.

ದೊಡ್ಡಬಳ್ಳಾಪುರ ರಸ್ತೆಯ ಕಡೆಯ ಪುಟ್ಟೇನಹಳ್ಳಿ ಕೆರೆ ಇನ್ನೊಂದು ಬಗೆ. 2015ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಬಣ್ಣದ ಕೊಕ್ಕರೆಗಳೂ ಇರುಳು ಬಕಗಳೂ ಅಲ್ಲಿ ಸಂಸಾರ ಹೂಡುತ್ತವೆ. ಆ ಕಡೆ ಹೋದಾಗ ನಾನು ಬೇಲಿಯ ಹೊರಗೇ ನಿಲ್ಲುತ್ತೇನೆ. ಬಾಣಂತಿಯ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗಬಾರದೆಂದು ನಮ್ಮ ಮನೆಯಲ್ಲಿ ಕಲಿಸಿದ್ದಾರೆ.

ಹೆಬ್ಬಾಳದಲ್ಲಿ ಕಿತ್ತಯ್ಯನೆಂಬ ಒಬ್ಬನನ್ನು ಮಾತಾಡಿಸದೆ ನಾನು ಬರುವುದಿಲ್ಲ. ಗಂಗರ ಶ್ರೀಪುರುಷನ ಕಾಲದಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ದಾಳಿ ಬಂದಾಗ ಊರಿಗಾಗಿ ಹೋರಾಡಿ ಸತ್ತವನು. ಅವನ ವೀರಗಲ್ಲು 2018ರಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆಯುವಾಗ ಎದ್ದುಬಂತು. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ನೀರಿನ ದಾರಿ ಹುಡುಕುತ್ತ ಹೋದವರಿಗೆ ಇತಿಹಾಸವೂ ಚರಂಡಿಯ ದಾರಿಯಲ್ಲೇ ಸಿಕ್ಕಿದ್ದು ನನಗೆ ಆಶ್ಚರ್ಯವೆನಿಸಲಿಲ್ಲ. ತಗ್ಗಿನಲ್ಲಿ ನೀರಿತ್ತು, ನೀರಿದ್ದಲ್ಲಿ ಊರಿತ್ತು, ಊರಿದ್ದಲ್ಲಿ ಅದಕ್ಕಾಗಿ ಸಾಯುವವನೊಬ್ಬ ಇದ್ದ.

ರಾಚೇನಹಳ್ಳಿಯ ಕೆರೆ ನನ್ನ ನಡಿಗೆಯ ಕೊನೆ. ದಡದಲ್ಲಿ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಒಳಗೆ ವಿಜ್ಞಾನಿಗಳು ಕಣ್ಣಿಗೆ ಕಾಣದ್ದನ್ನು ಅಳೆಯುತ್ತಿರುತ್ತಾರೆ. ಹೊರಗೆ ನಾನು ಕಂಡದ್ದನ್ನೂ ಅಳೆಯದೆ ಕಲ್ಲುಬೆಂಚಿನ ಮೇಲೆ ಕೂತಿರುತ್ತೇನೆ.

ನೆರೆಮನೆಯವರನ್ನೂ ಒಮ್ಮೆ ಕರೆದೊಯ್ಯಬೇಕೆಂದಿದ್ದೇನೆ. ದೊಡ್ಡ ಮಳೆಯ ಮಾರನೆಯ ಬೆಳಿಗ್ಗೆ ಆದರೆ ಒಳ್ಳೆಯದು. ಕೋಡಿ ಹರಿಯುತ್ತಿರುತ್ತದೆ, ಒಂದು ಕೆರೆ ಇನ್ನೊಂದಕ್ಕೆ ಏನು ಕೊಟ್ಟಿತೆಂಬುದು ಕಣ್ಣೆದುರೇ ಇರುತ್ತದೆ. ಅವರ ಸಂಶಯ ಒಂದೇ: "ಇಳ್ಕೊಂಡು ಹೋಗೋದೇನೋ ಸರಿ ಸಾರ್, ವಾಪಸ್ ಹತ್ಕೊಂಡು ಬರೋದು ಹೇಗೆ?" ಪ್ರಶ್ನೆ ನ್ಯಾಯವಾದದ್ದೇ. ನೀರು ಆವಿಯಾಗಿ, ಮೋಡವಾಗಿ ಯಲಹಂಕಕ್ಕೆ ಮರಳಿ ಬರುತ್ತದೆ. ನಮಗೆ ಬಿಎಂಟಿಸಿ ಇದೆ.